ಫಿಶ್ ರೂಮಿಗೆ ಹೊಸ ರ‍್ಯಾಕ್ ತರುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಲ್ಯಾಬ್‌ಗಳಲ್ಲಿ ಸಾಕುವ ಜೀಬ್ರಾ ಮೀನಿನ ಬಗ್ಗೆ ಬರೆದಿದ್ದೆ. ಬೆರಳುದ್ದವೂ ಇಲ್ಲದ ಈ ಪಟ್ಟೆ ಮೀನಿಗೆ ಇಷ್ಟೊಂದು ಪತ್ರ ಬರುತ್ತದೆ ಅಂತ ಸಂಪಾದಕರೂ ಅಂದುಕೊಂಡಿರಲಿಲ್ಲ. ಈ ಸಲ ಹುಬ್ಬಳ್ಳಿಯ ಒಂದು ಪತ್ರಕ್ಕೆ ಅರ್ಧಕ್ಕಿಂತ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಹೊಸಬರಿಗೆ ಒಂದು ಮಾತು: ನಾನು ವಿಜ್ಞಾನಿಯಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಫಿಶ್ ರೂಮ್, ಅಂದರೆ ರ‍್ಯಾಕ್‌ಗಳಲ್ಲಿ ಸಾಲಾಗಿ ಮೀನಿನ ಟ್ಯಾಂಕ್ ಜೋಡಿಸಿಟ್ಟ ಕೋಣೆ, ನೋಡಿಕೊಳ್ಳುವವಳು. ಪ್ರಯೋಗ ಮಾಡುವವರು ಬೇರೆ. ಮೀನು ಬದುಕಿರುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಪ್ರಶ್ನೆ: ನಮ್ಮ ಫಾರ್ಮಸಿ ಕಾಲೇಜಿನ ಎರಡನೇ ಮಹಡಿಯಲ್ಲಿ ಜೀಬ್ರಾ ಮೀನಿನ ಹಳೇ ಘಟಕ ಇದೆ. ನಾಲ್ಕು ರ‍್ಯಾಕ್. ಔಷಧಗಳ ವಿಷಪರೀಕ್ಷೆಗೆ ಮೊಟ್ಟೆ, ಮರಿ ಬಳಸುತ್ತೇವೆ. ಪೈಪ್‌ಗಳು ಸೋರುತ್ತಿವೆ. ಒಂದು ವರ್ಷದಿಂದ ಮೊಟ್ಟೆ ಕಡಿಮೆಯಾಗಿದೆ. ಕೆಲವು ಮೀನುಗಳು ಸಣಕಲಾಗಿ, ಬೆನ್ನು ಬಾಗಿ ಸಾಯುತ್ತಿವೆ. ಈಗ ಆಡಳಿತ ಮಂಡಳಿ ಹಣ ಕೊಡಲು ಒಪ್ಪಿದೆ. ಮೂರು ಕಂಪನಿಗಳ ಕೊಟೇಶನ್ ಬಂದಿವೆ. ಯಾವ ರ‍್ಯಾಕ್ ತೆಗೆದುಕೊಳ್ಳಲಿ ಅಕ್ಕಾ? (ಉಪನ್ಯಾಸಕಿ, ಹುಬ್ಬಳ್ಳಿ)

ಉತ್ತರ: ಮೇಡಂ, ಕೊಟೇಶನ್‌ಗಳನ್ನು ಸದ್ಯಕ್ಕೆ ಡ್ರಾಯರ್‌ನಲ್ಲಿಡಿ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಹೊಸ ರ‍್ಯಾಕ್ ತಂದರೆ ಸರಿಹೋಗುವುದು ಸೋರುವ ಪೈಪ್ ಒಂದೇ.

ಮೊಟ್ಟೆಯಿಂದ ಶುರು ಮಾಡೋಣ. ಲೈಟಿನ ಟೈಮರ್ ನೋಡಿದ್ದೀರಾ? ಪ್ಲಗ್‌ಗೆ ಸಿಕ್ಕಿಸುವ, ಸುತ್ತ ಸಣ್ಣ ಸಣ್ಣ ಹಲ್ಲುಗಳಿರುವ, ನಿಧಾನಕ್ಕೆ ತಿರುಗುವ ಟೈಮರ್ ಆದರೆ ಕಳ್ಳ ಅದೇ ಇರಬಹುದು. ಈ ಮೀನಿಗೆ 14 ಗಂಟೆ ಬೆಳಕು, 10 ಗಂಟೆ ಕತ್ತಲು ಬೇಕು. ಬೆಳಗ್ಗೆ ಲೈಟ್ ಹತ್ತಿದ ಸ್ವಲ್ಪ ಹೊತ್ತಿಗೆ ಮೊಟ್ಟೆ ಇಡುತ್ತದೆ. ಕರೆಂಟ್ ಹೋದಾಗ ಆ ಟೈಮರ್ ನಿಂತುಬಿಡುತ್ತದೆ, ಬಂದಾಗ ನಿಂತಲ್ಲಿಂದಲೇ ಮತ್ತೆ ಹೊರಡುತ್ತದೆ. ಇವತ್ತು ಅರ್ಧ ಗಂಟೆ, ನಾಡಿದ್ದು ಒಂದು ಗಂಟೆ. ಒಂದೆರಡು ತಿಂಗಳಲ್ಲಿ ಮೀನಿನ ಬೆಳಗು ನಿಮ್ಮ ಮಧ್ಯಾಹ್ನ ಆಗಿರುತ್ತದೆ. ಹುಡುಗರು ಒಂಬತ್ತಕ್ಕೆ ಬಂದು ನೋಡಿದರೆ ತಳದಲ್ಲಿ ಏನೂ ಇಲ್ಲ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ, ಕೆಲವು ವಾರ ಸುಮ್ನೆ ನೋಡಿ. ಬಾಗಿಲಿಗೆ ಗಾಜಿನ ಕಿಂಡಿ ಇದ್ದರೆ ಕಪ್ಪು ಹಾಳೆ ಅಂಟಿಸಿ. ರಾತ್ರಿ ರೌಂಡಿಗೆ ಬರುವ ವಾಚ್‌ಮನ್ ಲೈಟ್ ಹಾಕಿ ಇಣುಕುತ್ತಾರಾ, ಅದನ್ನೂ ಕೇಳಿ. ತುಂಬಾ ಕಡೆ ಇಣುಕುತ್ತಾರೆ. ಪಾಪ, ಅವರ ಕೆಲಸ ಅದು. ಯಾರೂ ಹೇಳಿರುವುದಿಲ್ಲ.

ಇನ್ನೊಂದು ಅನುಕೂಲ ಇದೆ. ಲೈಟ್ ಐದಕ್ಕೇ ಹತ್ತಬೇಕು ಅಂತ ಮೀನೇನೂ ಕೇಳುವುದಿಲ್ಲ. ನಮ್ಮಲ್ಲಿ ಒಂಬತ್ತಕ್ಕೆ ಹತ್ತುತ್ತದೆ, ರಾತ್ರಿ ಹನ್ನೊಂದಕ್ಕೆ ಆರುತ್ತದೆ. ಮೊಟ್ಟೆ ಬಿದ್ದು ಮುಕ್ಕಾಲು ಗಂಟೆಯಲ್ಲಿ ಒಂದು ಜೀವಕೋಶ ಎರಡಾಗುತ್ತದೆ. ಜೀನ್ ತಿದ್ದುವವರು ಅಷ್ಟರೊಳಗೆ ಸೂಜಿ ಚುಚ್ಚಿ ಮುಗಿಸಬೇಕು. ಬೆಳಗಿನ ಜಾವ ಬಸ್ ಹಿಡಿದು ಬರುವ ಪಾಡು ಹುಡುಗರಿಗೆ ತಪ್ಪುತ್ತದೆ.

ಎರಡನೆಯದು ಸಣಕಲು ಮೀನು. ಮೊದಲು ಟ್ಯಾಂಕಿನ ಚೀಟಿಯಲ್ಲಿ ಹುಟ್ಟಿದ ತಾರೀಕು ನೋಡಿ. ಎರಡು ವರ್ಷ ದಾಟಿದ ಮೀನು ವಯಸ್ಸಿಗೇ ಬಾಗುತ್ತದೆ, ಅದಕ್ಕೆ ಗಾಬರಿ ಬೇಡ. ಎಂಟು ಹತ್ತು ತಿಂಗಳ ಮೀನು ಹೊಟ್ಟೆ ಒಳಗೆ ಹೋಗಿ, ಬೆನ್ನು ಚೂಪಾಗಿ, ತಲೆ ಮಾತ್ರ ದೊಡ್ಡದಾಗಿ ಕಾಣುತ್ತಿದ್ದರೆ ಕಾಯಿಲೆ ಅಂತ ಲೆಕ್ಕ. ಜೀಬ್ರಾ ಮೀನಿನ ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಸಿಗುವ ಪರಾವಲಂಬಿ ಸೂಡೋಲೋಮಾ ನ್ಯೂರೋಫೀಲಿಯಾ. ಮಿದುಳಿನ ಹಿಂಭಾಗ, ಬೆನ್ನುಹುರಿ, ಮಾಂಸಖಂಡ ಇದರ ಮನೆ. ಸತ್ತ ಮೀನನ್ನು ಉಳಿದವು ಕಚ್ಚಿ ತಿಂದಾಗ ಬೀಜಕಣ ಹರಡುತ್ತದೆ. ನೀರಿನಲ್ಲೂ ಹರಡುತ್ತದೆ. ತಾಯಿಯಿಂದ ಮೊಟ್ಟೆಗೂ ಹೋಗಬಲ್ಲದು. ಇನ್ನೊಂದು ಗುಂಪು ಮೈಕೋಬ್ಯಾಕ್ಟೀರಿಯಾ, ನಮ್ಮ ಕ್ಷಯದ ಸೂಕ್ಷ್ಮಾಣುವಿನ ನೆಂಟರು. ಕೈಯಲ್ಲಿ ಗಾಯ ಇದ್ದರೆ ಇದರಲ್ಲಿ ಕೆಲವು ಮನುಷ್ಯರ ಚರ್ಮಕ್ಕೂ ಗಂಟು ಬರಿಸುತ್ತವೆ. ಆದ್ದರಿಂದ ಗ್ಲೌಸ್ ಹಾಕದೆ ಟ್ಯಾಂಕ್ ಉಜ್ಜುವುದು ಇವತ್ತಿಂದಲೇ ನಿಲ್ಲಲಿ. ನಾಲ್ಕಾರು ಸಣಕಲು ಮೀನುಗಳನ್ನು, ಜೊತೆಗೆ ಚೆನ್ನಾಗಿ ಕಾಣುವ ಕೆಲವನ್ನು ಪಿಸಿಆರ್ ಪರೀಕ್ಷೆಗೆ ಮತ್ತು ಅಂಗಾಂಶ ಪರೀಕ್ಷೆಗೆ ಕಳಿಸಿ. ಚೆನ್ನಾಗಿ ಕಾಣುವುದನ್ನೂ ಕಳಿಸಬೇಕು, ಯಾಕೆಂದರೆ ಸೂಡೋಲೋಮಾ ಹೊತ್ತ ಎಷ್ಟೋ ಮೀನು ಹೊರಗೆ ಆರೋಗ್ಯವಾಗಿಯೇ ಕಾಣುತ್ತವೆ.

ಇದೆಲ್ಲ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಾನು ನೋಡಿದ ಹಾಗೆ ಫಿಶ್ ರೂಮ್ ನವೀಕರಣ ಕೆಡುವುದು ಇಲ್ಲೇ. ಲಕ್ಷಗಟ್ಟಲೆ ಸುರಿದು ಹೊಸ ರ‍್ಯಾಕ್ ತರುತ್ತಾರೆ. ಒಂದು ಶನಿವಾರ ಹಳೇ ಮೀನನ್ನೆಲ್ಲ ಬಲೆಯಲ್ಲಿ ಹಿಡಿದು ಹೊಸ ಟ್ಯಾಂಕಿಗೆ ಬಿಡುತ್ತಾರೆ. ಆರು ತಿಂಗಳಿಗೆ ಹಳೇ ಕಾಯಿಲೆ ಹೊಸ ಪೈಪಿನಲ್ಲಿ ಓಡಾಡುತ್ತಿರುತ್ತದೆ. ಎಲ್ಲ ಟ್ಯಾಂಕಿನ ನೀರೂ ಒಂದೇ ಸಂಪು ತೊಟ್ಟಿಗೆ ಬಂದು ತಿರುಗಿ ಹೋಗುವ ವ್ಯವಸ್ಥೆ ಅದು, ಒಂದು ಟ್ಯಾಂಕಿನದು ಎಲ್ಲರದ್ದೂ ಆಗುತ್ತದೆ. ನಿಮ್ಮದು ವಿಷಪರೀಕ್ಷೆ. ನರದಲ್ಲಿ ಕೂತ ಸೋಂಕು ಮೀನು ಬೆಚ್ಚುವ ರೀತಿಯನ್ನು, ಗುಂಪುಗೂಡುವ ರೀತಿಯನ್ನು ಬದಲಿಸುತ್ತದೆ. ಆಗ ಔಷಧದ ಪರಿಣಾಮ ಯಾವುದು, ಕಾಯಿಲೆಯದ್ದು ಯಾವುದು ಅಂತ ಹೇಗೆ ಬಿಡಿಸುತ್ತೀರಿ?

ಅದಕ್ಕೇ ನನ್ನ ಸಲಹೆ ಇಷ್ಟು: ಹಳೇ ಮೀನು ಹೊಸ ಕೋಣೆಯ ಹೊಸ್ತಿಲು ದಾಟಬಾರದು. ಮೊಟ್ಟೆ ಮಾತ್ರ ದಾಟಲಿ. ಮೊಟ್ಟೆಗಳನ್ನು ಮೊದಲ ದಿನದಲ್ಲೇ ಬ್ಲೀಚ್ ನೀರಿನಲ್ಲಿ ತೊಳೆಯುವ ಪದ್ಧತಿ ಇದೆ. 25ರಿಂದ 50 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು) ಕ್ಲೋರಿನ್, ಐದರಿಂದ ಹತ್ತು ನಿಮಿಷ, ಆಮೇಲೆ ಚೆನ್ನಾಗಿ ಜಾಲಿಸುವುದು. ಹೊರಗಿನ ಬ್ಯಾಕ್ಟೀರಿಯಾ ಬಹಳಷ್ಟು ಹೋಗುತ್ತವೆ. ಸೂಡೋಲೋಮಾ ಬೀಜಕಣ ಗಟ್ಟಿ, ಅಷ್ಟಕ್ಕೆ ಸಾಯುವುದಿಲ್ಲ. ಮೊಟ್ಟೆಯ ಒಳಗಿದ್ದರಂತೂ ಬ್ಲೀಚ್ ತಾಗುವುದೇ ಇಲ್ಲ. ಆದ್ದರಿಂದ ಒಂದೊಂದೇ ಜೋಡಿ ಬಿಟ್ಟು ಮೊಟ್ಟೆ ತೆಗೆಯಿರಿ, ಆ ಮೊಟ್ಟೆಗಳನ್ನು ಬೇರೆ ಬೇರೆಯಾಗಿಯೇ ಇಡಿ, ಅಪ್ಪ ಅಮ್ಮನನ್ನು ಪರೀಕ್ಷೆಗೆ ಕಳಿಸಿ. ಎರಡೂ ಸೋಂಕಿಲ್ಲ ಅಂತ ಬಂದ ಜೋಡಿಯ ಮಕ್ಕಳನ್ನಷ್ಟೇ ಬೆಳೆಸಿ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಆರಿಸುತ್ತಲೇ ಸೂಡೋಲೋಮಾ ಇಲ್ಲದ ದೊಡ್ಡ ಮೀನು ಸಂಸಾರ ಕಟ್ಟಿದ್ದಾರೆ. ಹುಬ್ಬಳ್ಳಿಯಲ್ಲೂ ಆಗುತ್ತದೆ, ತಾಳ್ಮೆ ಬೇಕು ಅಷ್ಟೆ. ಮೊಟ್ಟೆಯಿಂದ ಮೊಟ್ಟೆ ಇಡುವ ಮೀನಾಗಲು ಮೂರು ತಿಂಗಳು ಸಾಕು.

ಇದಕ್ಕೆ ಎರಡು ಕೋಣೆ ಬೇಕಾಗುತ್ತದೆ. ದೊಡ್ಡದು ಬೇಡ. ಸ್ಟೋರ್ ರೂಮಿನಷ್ಟು ಇದ್ದರೂ ಕ್ವಾರಂಟೈನ್‌ಗೆ ನಡೆಯುತ್ತದೆ. ಆದರೆ ಅದರ ನೀರು ಬೇರೆ, ಬಲೆ ಬೇರೆ, ಬಕೆಟ್ ಬೇರೆ. ಬಲೆಗಳಿಗೆ ಬಣ್ಣದ ಟೇಪ್ ಸುತ್ತಿ, ಅಲ್ಲಿಯದು ಕೆಂಪು, ಇಲ್ಲಿಯದು ಹಸಿರು. ಓದಲು ಬರುವವರಿಗೂ ಬಾರದವರಿಗೂ ಅರ್ಥ ಆಗುತ್ತದೆ. ದಿನದ ಕೆಲಸ ಶುದ್ಧ ಕೋಣೆಯಿಂದ ಶುರುವಾಗಿ ಕ್ವಾರಂಟೈನ್‌ನಲ್ಲಿ ಮುಗಿಯಬೇಕು. ಅಲ್ಲಿಂದ ವಾಪಸ್ ಬರುವ ಹಾಗಿಲ್ಲ. ಆಡಳಿತ ಮಂಡಳಿ ಎರಡನೇ ಕೋಣೆ ಕೊಡಲ್ಲ ಅಂದರೆ, ಒಂದು ರ‍್ಯಾಕ್ ಕಮ್ಮಿ ತಗೊಂಡು ಕೋಣೆ ಕೇಳಿ. ಈ ಒಂದು ವಿಷಯದಲ್ಲಿ ಮಾತ್ರ ಹಟ ಮಾಡಿ.

ಈಗ ನೀರು. ನಿಮಗೆ ಮಲಪ್ರಭೆಯ ನೀರು ಬರುತ್ತದೆ, ಅದು ಕ್ಲೋರಿನ್ ಹಾಕಿದ ನೀರು. ಇಲ್ಲದಿದ್ದ ದಿನ ಕಾಲೇಜಿನವರು ಬೋರ್‌ವೆಲ್ ಓಡಿಸುತ್ತಾರೆ. ಕೆಲವೊಮ್ಮೆ ಟ್ಯಾಂಕರ್. ಮೂರಕ್ಕೂ ಗಡಸುತನ ಬೇರೆ ಬೇರೆ. ಮೀನು ಒಂದು ಬಗೆಯ ನೀರಿಗೆ ಹೊಂದಿಕೊಂಡುಬಿಡುತ್ತದೆ, ದಿನಕ್ಕೊಂದು ನೀರು ಕೊಟ್ಟರೆ ತಡೆಯುವುದಿಲ್ಲ. ಆದ್ದರಿಂದ ಆರ್‌ಒ ಹಾಕಿ, ಉಪ್ಪನ್ನೆಲ್ಲ ತೆಗೆದು, ಆಮೇಲೆ ನಾವೇ ಅಳತೆಯಲ್ಲಿ ಉಪ್ಪು ಸೇರಿಸುತ್ತೇವೆ. ಅಕ್ವೇರಿಯಂಗೆ ಬಳಸುವ ಸಮುದ್ರದ ಉಪ್ಪು, ಜೊತೆಗೆ ಅಡುಗೆ ಸೋಡಾ. ಬರೀ ಆರ್‌ಒ ನೀರಿನಲ್ಲಿ ಮೀನು ಬದುಕುವುದಿಲ್ಲ. ಸೋಡಾ ಬೇಕಾಗುವುದು ಪಿಎಚ್ ಬೀಳದಿರಲು. ಫಿಲ್ಟರ್‌ನ ಬ್ಯಾಕ್ಟೀರಿಯಾ ಅಮೋನಿಯಾ ತಿಂದು ಕೆಲಸ ಮಾಡುವಾಗ ನೀರಿನ ಕ್ಷಾರವನ್ನೂ ತಿನ್ನುತ್ತಾ ಹೋಗುತ್ತವೆ. ತಾಪಮಾನ 28 ಡಿಗ್ರಿ ಆಸುಪಾಸು, ಪಿಎಚ್ 7ರಿಂದ 7.5. ಉಪ್ಪಿನ ಅಳತೆಗೆ ಕಂಡಕ್ಟಿವಿಟಿ ಅಂತ ಒಂದು ಮೀಟರ್ ಇರುತ್ತದೆ. ಅದು 300 ಮೈಕ್ರೋಸೀಮೆನ್ಸ್ ತೋರಿಸುವ ನೀರಿನಲ್ಲಿ ಸಾಕುವವರಿದ್ದಾರೆ, 1500ರಲ್ಲಿ ಸಾಕುವವರೂ ಇದ್ದಾರೆ. ಯಾವ ಅಂಕೆ ಅನ್ನುವುದಕ್ಕಿಂತ ದಿನಾ ಅದೇ ಅಂಕೆ ಇದೆಯಾ ಅನ್ನುವುದು ಮುಖ್ಯ. ದಿನಕ್ಕೆ ಹತ್ತನೇ ಒಂದು ಭಾಗ ನೀರು ಹೊಸದಾಗಿ ಸೇರಬೇಕು. ಅಷ್ಟು ನೀರು ನಿಮ್ಮ ಆರ್‌ಒ ಕೊಡುತ್ತದಾ, ಬೇಸಿಗೆಯಲ್ಲೂ ಕೊಡುತ್ತದಾ, ಲೆಕ್ಕ ಹಾಕಿ. ಆರ್‌ಒದಿಂದ ತ್ಯಾಜ್ಯ ನೀರೂ ಧಾರಾಳ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ನಮ್ಮ ಇಡೀ ಕಟ್ಟಡದ ಟಾಯ್ಲೆಟ್ಟು, ನೆಲ ಒರೆಸುವ ಕೆಲಸ ನಡೆದದ್ದು ಅದರಲ್ಲೇ. ಆ ಪೈಪನ್ನು ಸುಮ್ಮನೆ ಮೋರಿಗೆ ಬಿಡಬೇಡಿ, ಒಂದು ಸಿಂಟೆಕ್ಸ್ ಟ್ಯಾಂಕಿಗೆ ತಿರುಗಿಸಿ.

ಪ್ಲಂಬರ್ ಬಗ್ಗೆ ಒಂದು ಮಾತು. ಒಳ್ಳೆಯ ಪ್ಲಂಬರ್‌ಗೆ ಹಿತ್ತಾಳೆ ಅಂದರೆ ಪ್ರೀತಿ. ಗಟ್ಟಿ ಕೆಲಸ ಮಾಡಿಕೊಡೋಣ ಅಂತ ಪ್ಲಾಸ್ಟಿಕ್ ವಾಲ್ವ್ ತೆಗೆದು ಹಿತ್ತಾಳೆಯದ್ದು ಹಾಕಿಬಿಡುತ್ತಾರೆ. ಅದರಿಂದ ಬಿಡುವ ತಾಮ್ರ, ಸತು ಎರಡೂ ಮೀನಿಗೆ ವಿಷ. ಆರ್‌ಒ ನೀರಂತೂ ಲೋಹವನ್ನು ಬೇಗ ಕರಗಿಸುತ್ತದೆ. ಕೆಲಸ ನಡೆಯುವಾಗ ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿರಿ. ಪ್ಲಾಸ್ಟಿಕ್, ಇಲ್ಲವಾದರೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್. ಅಂಟು ಹಾಕಿದ ಪಿವಿಸಿ ಪೈಪಿನಲ್ಲಿ ವಾಸನೆ ಹೋಗುವ ತನಕ ನೀರು ಓಡಿಸಿ ಚೆಲ್ಲಬೇಕು.

ನೆಲದ ಮಾತು. ಒಂದು ಲೀಟರ್ ನೀರು ಒಂದು ಕಿಲೋ. 3.5 ಲೀಟರಿನ 50 ಟ್ಯಾಂಕ್ ಅಂದರೆ 175 ಕಿಲೋ. ಕೆಳಗಿನ ಸಂಪು, ಫಿಲ್ಟರ್, ಸ್ಟೀಲ್ ಚೌಕಟ್ಟು ಸೇರಿದರೆ ಅದರ ದುಪ್ಪಟ್ಟಾದರೂ ಆಶ್ಚರ್ಯ ಇಲ್ಲ. ಅಂಥ ನಾಲ್ಕು ರ‍್ಯಾಕ್ ಎರಡನೇ ಮಹಡಿಯಲ್ಲಿ. ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಕೆಳಗಿನ ಕೋಣೆ ಯಾರದ್ದು ಅಂತಲೂ ನೋಡಿ. ಪ್ರಿನ್ಸಿಪಾಲರ ಚೇಂಬರ್ ಆದರೆ ನಿಮ್ಮ ನೆಲಕ್ಕೆ ಇಳಿಜಾರು, ಮೋರಿ, ಬಾಗಿಲಲ್ಲಿ ಸಣ್ಣ ಕಟ್ಟೆ ಎಲ್ಲ ಬೇಗ ಮಂಜೂರಾಗುತ್ತವೆ. ಮೋರಿಗೆ ಸಣ್ಣ ಕಣ್ಣಿನ ಜಾಲರಿ ಕಡ್ಡಾಯ. ಪ್ಲಗ್ ಪಾಯಿಂಟ್‌ಗಳು ಸೊಂಟದಿಂದ ಮೇಲೆ. ಆ ಕೋಣೆಯಲ್ಲಿ ಸದಾ ತೇವ, ಜಿಪ್ಸಮ್ ಸೀಲಿಂಗ್ ಹಾಕಿಸಿದರೆ ಮುಂದಿನ ಮಳೆಗಾಲದೊಳಗೆ ಕಪ್ಪು ಬೂಸು.

ಈಗ ಕೊಟೇಶನ್ ಹೊರಗೆ ತೆಗೆಯಿರಿ. ಇಟಲಿಯ ಟೆಕ್ನಿಪ್ಲಾಸ್ಟ್, ಅಮೆರಿಕದ ಅಕ್ವನೀರಿಂಗ್ ಥರದ ಕಂಪನಿಗಳ ಟ್ಯಾಂಕ್ ಚೆನ್ನಾಗಿಯೇ ಇರುತ್ತದೆ. ಊರಲ್ಲೇ ಮಾಡಿಸಿದ ರ‍್ಯಾಕಿನಲ್ಲೂ ಮೀನು ಸಾಕಬಹುದು. ನಾನು ಕೇಳುವ ಪ್ರಶ್ನೆ ಬೇರೆ. ಪಂಪ್ ಎರಡಿದೆಯಾ? ಒಂದು ಕೆಟ್ಟರೆ ಇನ್ನೊಂದು ತಾನಾಗಿಯೇ ಶುರುವಾಗುತ್ತದಾ? ಕೆಟ್ಟ ಪಂಪಿನ ಸೀಲ್ ಎಲ್ಲಿ ಸಿಗುತ್ತದೆ? ವಿದೇಶದಿಂದ ಬರಬೇಕು, ಕಸ್ಟಮ್ಸ್ ದಾಟಬೇಕು ಅಂದರೆ ನಾನು ಬೇಡ ಅನ್ನುತ್ತೇನೆ. ಬೆಂಗಳೂರಿನ ಪೀಣ್ಯದಲ್ಲೋ ನಿಮ್ಮೂರ ಗೋಕುಲ ರಸ್ತೆಯಲ್ಲೋ ಬಿಚ್ಚಿ ಕಟ್ಟುವಂಥ ಪಂಪ್ ಇರಲಿ. ನೀರಿನ ರೋಗಾಣು ಕೊಲ್ಲುವ ಯುವಿ ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಅಂತಲ್ಲ. ವರ್ಷದ ಆಸುಪಾಸಿಗೆ ಅದರ ಶಕ್ತಿ ಇಳಿದಿರುತ್ತದೆ, ಬೆಳಕು ಹಾಗೇ ಕಾಣುತ್ತದೆ. ಆದ್ದರಿಂದ ಐದು ವರ್ಷದ ಬದಲಿ ದೀಪಗಳ ಬೆಲೆಯನ್ನೂ ಕೊಟೇಶನ್‌ನಲ್ಲೇ ಬರೆಸಿ. ಅಮೋನಿಯಾ, ನೈಟ್ರೈಟ್ ಪರೀಕ್ಷೆಯ ಕಿಟ್‌ಗಳನ್ನೂ ಅದರಲ್ಲೇ ಸೇರಿಸಿ. ಒಮ್ಮೆ ಯಂತ್ರ ಬಂದ ಮೇಲೆ ಸಣ್ಣಪುಟ್ಟ ಸಾಮಾನಿಗೆ ಹಣ ಕೇಳಿದರೆ ಮುಖ ಸಿಂಡರಿಸುತ್ತಾರೆ, ಅಲ್ವಾ?

ರ‍್ಯಾಕ್ ಬಂದ ದಿನ ಮೀನು ಬಿಡುವ ಹಾಗಿಲ್ಲ. ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಸಲು ನಾಲ್ಕರಿಂದ ಎಂಟು ವಾರ ಬೇಕು. ಖಾಲಿ ವ್ಯವಸ್ಥೆಗೆ ಸ್ವಲ್ಪ ಸ್ವಲ್ಪ ಅಮೋನಿಯಂ ಕ್ಲೋರೈಡ್ ಹಾಕುತ್ತಾ ದಿನಾ ಅಳೆಯುತ್ತೇವೆ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಮೀನಿನ ಮಾತು. ಬೇಗ ಆಗಲಿ ಅಂತ ಹಳೇ ಫಿಲ್ಟರ್‌ನ ಸ್ಪಂಜನ್ನು ಹೊಸದರಲ್ಲಿ ಇಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇರೆ ಕಡೆ ಅದು ಜಾಣತನ. ನಿಮ್ಮಲ್ಲಿ ಕಾಯಿಲೆಯನ್ನೇ ಎತ್ತಿ ತಂದಂತೆ. ಉದ್ಘಾಟನೆ ತಾರೀಕು ಮೊದಲೇ ನಿಗದಿಯಾಗಿದ್ದರೆ ಖಾಲಿ ಟ್ಯಾಂಕಿನ ಮುಂದೆ ರಿಬ್ಬನ್ ಕತ್ತರಿಸಲಿ, ಫೋಟೋ ಚೆನ್ನಾಗಿಯೇ ಬರುತ್ತದೆ. ಬಂದವರು ನೀರಿಗೆ ಹೂವು ಹಾಕದ ಹಾಗೆ ಮಾತ್ರ ನೋಡಿಕೊಳ್ಳಿ.

ಕೊನೆಯದಾಗಿ, ಭಾನುವಾರ ಯಾರು ಬರುತ್ತಾರೆ? ನಿಮ್ಮ ಪತ್ರದಲ್ಲಿ ನಾಲ್ಕು ರ‍್ಯಾಕ್ ಇದೆ, ಮನುಷ್ಯರ ಸುದ್ದಿ ಇಲ್ಲ. ವಿದ್ಯಾರ್ಥಿಗಳು ಸರದಿಯಲ್ಲಿ ನೋಡಿಕೊಳ್ಳುತ್ತಾರೆ ಅನ್ನುವ ಏರ್ಪಾಡು ಪರೀಕ್ಷೆ ಬರುವವರೆಗೆ ಚೆನ್ನಾಗಿರುತ್ತದೆ. ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಿ. ರಜೆಗೆ ಬದಲಿ ಇನ್ನೊಬ್ಬರಿಗೆ ಕಲಿಸಿ. ಹಣ ಸಾಲದಿದ್ದರೆ ಮತ್ತೂ ಒಂದು ರ‍್ಯಾಕ್ ಕಡಿಮೆ ಮಾಡಿ. ಎರಡು ರ‍್ಯಾಕಿನ ಆರೋಗ್ಯವಂತ ಮೀನು ನಿಮ್ಮ ಕಾಲೇಜಿಗೆ ಧಾರಾಳ ಸಾಕು. ಒಂದು ಹೆಣ್ಣು ಒಂದು ಸಲಕ್ಕೆ ನೂರು ಇನ್ನೂರು ಮೊಟ್ಟೆ ಇಡುತ್ತದೆ, ನಿಮಗೆ ಇನ್ನೆಷ್ಟು ಬೇಕು?

ಪ್ರಶ್ನೆ: ನಮ್ಮ ಗದ್ದೆಯ ಕಾಲುವೆಯಲ್ಲಿ ನೀಲಿ ಹಳದಿ ಪಟ್ಟೆಯ ಮೀನುಗಳಿವೆ. ಇದೇನಾ ನಿಮ್ಮ ಜೀಬ್ರಾ ಮೀನು? (ಕೃಷಿಕರು, ಸಾಗರ)

ಉತ್ತರ: ಇರಬಹುದು, ಆದರೆ ಮಲೆನಾಡಿನಲ್ಲಿ ಜಾಸ್ತಿ ಕಾಣುವುದು ಅದರ ದಾಯಾದಿ ದೆವಾರಿಯೋ. ಅದು ದೊಡ್ಡದು, ನಾಲ್ಕು ಬೆರಳಗಲ ಬೆಳೆಯುತ್ತದೆ. ಕಿವಿರಿನ ಹಿಂದೆ ಹಳದಿ ಗೆರೆಗಳು ಒಡೆದು ಚುಕ್ಕೆ, ಅಡ್ಡಗೆರೆಗಳಾಗಿರುತ್ತವೆ. ಜೀಬ್ರಾ ಮೀನು ನಾಲ್ಕು ಸೆಂಟಿಮೀಟರ್ ದಾಟುವುದು ಅಪರೂಪ. ಅದರ ನೀಲಿ ಪಟ್ಟೆಗಳು ಒಡೆಯದೆ ಬಾಲದ ರೆಕ್ಕೆಯೊಳಗೂ ಹೋಗುತ್ತವೆ, ಹೊಟ್ಟೆಯಡಿಯ ರೆಕ್ಕೆಯಲ್ಲೂ ಇರುತ್ತವೆ. ಒಂದು ಗಾಜಿನ ಲೋಟದಲ್ಲಿ ಹಿಡಿದು ಪಕ್ಕದಿಂದ ನೋಡಿ, ಗೊತ್ತಾಗುತ್ತದೆ. ನೋಡಿ ವಾಪಸ್ ಬಿಡಿ.

ಈ ಮೀನು ನಮ್ಮ ಉಪಖಂಡದ್ದೇ. ಇದನ್ನು ಮೊದಲು ಪುಸ್ತಕಕ್ಕೆ ಸೇರಿಸಿದವರು ಫ್ರಾನ್ಸಿಸ್ ಬುಕಾನನ್, 1822ರಲ್ಲಿ, ಗಂಗಾನದಿಯ ಮೀನುಗಳ ಬಗ್ಗೆ ಬರೆದಾಗ. ಅಷ್ಟರಲ್ಲಿ ಅವರ ಹೆಸರು ಹ್ಯಾಮಿಲ್ಟನ್ ಅಂತ ಆಗಿತ್ತು. ಹೌದು, ಟಿಪ್ಪು ಮಡಿದ ಮೇಲೆ 1800–01ರಲ್ಲಿ ಮೈಸೂರು, ಕೆನರಾ ಸೀಮೆ ಸುತ್ತಿ, ಯಾವ ಊರಲ್ಲಿ ಯಾವ ಬೆಳೆ, ಎಷ್ಟು ಮಗ್ಗ ಅಂತೆಲ್ಲ ಬರೆದಿಟ್ಟ ಅದೇ ಬುಕಾನನ್. ನಮ್ಮಲ್ಲಿ ಇತಿಹಾಸ ಓದಿದವರಿಗೆ ಅವರ ಹೆಸರು ಗೊತ್ತು, ಮೀನಿನವರಿಗೂ ಗೊತ್ತು. ಇಬ್ಬರೂ ಒಬ್ಬರೇ ಅಂತ ಹೇಳಿದರೆ ಎರಡೂ ಕಡೆಯವರು ಹುಬ್ಬೇರಿಸುತ್ತಾರೆ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ಅಕ್ವೇರಿಯಂ ಅಂಗಡಿಯ ಜೀಬ್ರಾ ಮೀನು ನಡೆಯುತ್ತದಾ? (ಬಿ.ಎಸ್ಸಿ. ವಿದ್ಯಾರ್ಥಿ, ತುಮಕೂರು)

ಉತ್ತರ: ಮೊಟ್ಟೆಯಿಂದ ಮರಿ ಆಗುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು ಧಾರಾಳ ನಡೆಯುತ್ತದೆ. ಒಂದೇ ದಿನದಲ್ಲಿ ಹೃದಯ ಮಿಡಿಯಲು ಶುರುವಾಗುತ್ತದೆ, ಮೈ ಪಾರದರ್ಶಕ, ಒಳಗೆ ರಕ್ತ ಓಡುವುದು ಕಾಣುತ್ತದೆ. ಒಮ್ಮೆ ನೋಡಿದರೆ ಬಿಡುವುದಿಲ್ಲ ನೀನು. ಔಷಧದ ಡೋಸ್ ಹೋಲಿಸುವ ಕೆಲಸಕ್ಕೆ ಮಾತ್ರ ಬೇಡ, ಅವುಗಳ ವಂಶ ಗೊತ್ತಿರುವುದಿಲ್ಲ, ಕಾಯಿಲೆ ಗೊತ್ತಿರುವುದಿಲ್ಲ. ಆದರೂ ಅಂಗಡಿ ಮೀನನ್ನು ಕೀಳಾಗಿ ನೋಡಬೇಡ. ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಈ ಮೀನನ್ನು ಲ್ಯಾಬ್‌ಗೆ ತಂದು, 1981ರಲ್ಲಿ ಅದರ ತದ್ರೂಪು ಸಂತಾನ ಮಾಡಿ ತೋರಿಸಿದವರು. ಇವತ್ತು ಲೋಕದ ಲ್ಯಾಬ್‌ಗಳಲ್ಲೆಲ್ಲ ಇರುವ ಎಬಿ ಎಂಬ ತಳಿಯ ಮೂಲ ಅದೇ ಒರೆಗಾನ್‌ನ ಆಲ್ಬನಿ ಊರಿನ ಸಾಕುಪ್ರಾಣಿ ಅಂಗಡಿಯ ಮೀನುಗಳು.

ಪ್ರಶ್ನೆ: ಇಲಿ, ಮೊಲ ಆಯಿತು, ಈಗ ಮೀನಿಗೂ ಹಿಂಸೆ. ನಿಮಗೆ ಏನೂ ಅನಿಸುವುದಿಲ್ಲವೇ? (ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಅನಿಸುತ್ತದೆ ಸರ್. ಅನಿಸದವರನ್ನು ನಾನು ಫಿಶ್ ರೂಮಿನೊಳಗೆ ಬಿಡುವುದೂ ಇಲ್ಲ. ಮನುಷ್ಯರ ಜೀನ್‌ಗಳಲ್ಲಿ ನೂರಕ್ಕೆ ಸುಮಾರು 70 ಪಾಲಿಗೆ ಈ ಮೀನಿನಲ್ಲಿ ಜೊತೆಗಾರ ಜೀನ್ ಇದೆ ಅಂತ 2013ರಲ್ಲಿ ಪ್ರಕಟವಾದ ಜೀನೋಮ್ ಹೇಳುತ್ತದೆ. ಮನುಷ್ಯರ ಮೈಬಣ್ಣ ನಿರ್ಧರಿಸುವ ಒಂದು ಮುಖ್ಯ ಜೀನ್ ಗೊತ್ತಾಗಿದ್ದು 2005ರಲ್ಲಿ, ಪಟ್ಟೆ ಮಾಸಿದ ಚಿನ್ನದ ಬಣ್ಣದ ಜೀಬ್ರಾ ಮೀನಿನಿಂದ. ಬಳಸುವುದಕ್ಕೆ ಕಾರಣ ಇದೆ. ಆದರೆ ಬೇಕಾಬಿಟ್ಟಿ ಬಳಸುವ ಹಾಗಿಲ್ಲ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಬೇಕು, ನೋವಾಗುವ ಕೆಲಸಕ್ಕೆ ಅರಿವಳಿಕೆ ಕೊಡಬೇಕು. ಯುರೋಪಿನ ನಿಯಮದಲ್ಲಿ ಮರಿ ತಾನೇ ಆಹಾರ ಹುಡುಕಿ ತಿನ್ನುವ ಹಂತ, ಅಂದರೆ ಸುಮಾರು ಐದನೇ ದಿನದಿಂದ, ಅದಕ್ಕೆ ಪೂರ್ತಿ ರಕ್ಷಣೆ ಇದೆ.

ನಿಮ್ಮ ಕೋಪವನ್ನು ನಾನು ಇನ್ನೊಂದು ಕಡೆ ತಿರುಗಿಸಲು ಇಷ್ಟಪಡುತ್ತೇನೆ. ಕೆಟ್ಟ ನೀರಿನಲ್ಲಿ, ಕಾಯಿಲೆಯ ಟ್ಯಾಂಕಿನಲ್ಲಿ ಸಾಕಿದ ಮೀನಿನ ಮೇಲೆ ಮಾಡಿದ ಪ್ರಯೋಗದಿಂದ ಏನೂ ತಿಳಿಯುವುದಿಲ್ಲ. ಮತ್ತೆ ಮಾಡುತ್ತಾರೆ, ಮತ್ತಷ್ಟು ಮೀನು ಹೋಗುತ್ತವೆ. ಮೇಲಿನ ಹುಬ್ಬಳ್ಳಿ ಮೇಡಂಗೆ ಅಷ್ಟುದ್ದ ಬರೆದದ್ದರಲ್ಲಿ ಇದೂ ಒಂದು ಕಾರಣ. ಒಂಟಿ ಮೀನನ್ನು ಇಡಬೇಡಿ, ಇವು ಗುಂಪಿನ ಜೀವಿಗಳು. ಟ್ಯಾಂಕಿನ ತಳಕ್ಕೆ ಜಲ್ಲಿಕಲ್ಲು ಇದ್ದರೆ ಅವು ಆ ಜಾಗವನ್ನೇ ಆರಿಸಿಕೊಳ್ಳುತ್ತವೆ. ಕಲ್ಲು ಹಾಕಿದರೆ ಕೊಳೆ ಕೂರುತ್ತದೆ ಅಂತ ನಾವು ಜಲ್ಲಿಯ ಫೋಟೋ ಪ್ರಿಂಟ್ ಮಾಡಿ, ಲ್ಯಾಮಿನೇಟ್ ಮಾಡಿಸಿ ಟ್ಯಾಂಕಿನ ಕೆಳಗೆ ಇಟ್ಟಿದ್ದೇವೆ.

ಪ್ರಶ್ನೆ: ಮಗ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದಾನೆ. ನಿಮ್ಮಂಥ ಕೆಲಸ ಸಿಗುತ್ತದಾ? (ತಾಯಿ, ಕುಂದಾಪುರ)

ಉತ್ತರ: ಸಿಗುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್, ಐಐಎಸ್‌ಸಿ, ಹೈದರಾಬಾದಿನ ಸಿಸಿಎಂಬಿ, ಮುಂಬೈನ ಟಿಐಎಫ್‌ಆರ್ ಥರದ ಸಂಶೋಧನಾ ಸಂಸ್ಥೆಗಳು, ಇಲ್ಲೆಲ್ಲ ಜೀಬ್ರಾ ಮೀನಿನ ಕೆಲಸ ನಡೆಯುತ್ತದೆ. ಔಷಧ ಪರೀಕ್ಷೆ ಮಾಡಿಕೊಡುವ ಖಾಸಗಿ ಕಂಪನಿಗಳೂ ಇವೆ. ಮಗ ಓದುತ್ತಿರುವುದು 1969ರಿಂದ ಇರುವ ಕಾಲೇಜು, ನೀರಿನ ರಸಾಯನ ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ರಜೆಯಲ್ಲಿ ಮಗನಿಗೆ ಪ್ಲಂಬಿಂಗ್ ಕಲಿಯಲು ಹೇಳಿ ಅಮ್ಮ. ತಮಾಷೆಗೆ ಹೇಳುತ್ತಿಲ್ಲ. ಸಂದರ್ಶನದಲ್ಲಿ ನಾನು ಕೂತರೆ ಮೊದಲ ಪ್ರಶ್ನೆ, ರಾತ್ರಿ ಎರಡು ಗಂಟೆಗೆ ಪೈಪ್ ಬಿಟ್ಟುಕೊಂಡರೆ ಮೊದಲು ಯಾವ ವಾಲ್ವ್ ಮುಚ್ಚುತ್ತೀಯಾ ಅಂತ.

ಪ್ರಶ್ನೆ: ಕರೆಂಟ್ ಹೋದರೆ ಲ್ಯಾಬ್ ಮೀನು ಎಷ್ಟು ಹೊತ್ತು ಬದುಕುತ್ತವೆ? (ಓದುಗರು, ಬಳ್ಳಾರಿ)

ಉತ್ತರ: ಲೀಟರಿಗೆ ಐದರಂತೆ ಸಾಕಿದ್ದರೆ ಕೆಲವು ಗಂಟೆ ಏನೂ ಆಗುವುದಿಲ್ಲ. ಮೊದಲು ಉಸಿರುಗಟ್ಟುವುದು ಫಿಲ್ಟರ್‌ನ ಬ್ಯಾಕ್ಟೀರಿಯಾಕ್ಕೆ. ಕರೆಂಟ್ ಇಲ್ಲದಾಗ ಊಟ ಹಾಕಬಾರದು. ದೊಡ್ಡ ಮೀನು ಒಂದೆರಡು ದಿನ ಉಪವಾಸ ಇರಬಲ್ಲದು, ತಿಂದು ಹೊಲಸು ಮಾಡಿದ ನಿಂತ ನೀರಿನಲ್ಲಿ ಇರಲಾರದು. ಬ್ಯಾಟರಿಯ ಏರ್ ಪಂಪ್ ಒಂದಿಷ್ಟು ಇಟ್ಟುಕೊಂಡಿರಬೇಕು. ನಿಮ್ಮೂರಿನ ಬೇಸಿಗೆಯಲ್ಲಿ ಪಂಪಿಗಿಂತ ಏಸಿಯ ಚಿಂತೆ ದೊಡ್ಡದು, ಜನರೇಟರ್‌ಗೆ ಏಸಿಯನ್ನೂ ಸೇರಿಸಿ.

ಪ್ರಶ್ನೆ: ಮನೆಯ ಅಕ್ವೇರಿಯಂ ಹತ್ತಿರ ಸೊಳ್ಳೆ ಬತ್ತಿ, ಲಿಕ್ವಿಡ್ ಮೆಷಿನ್ ಹಾಕಬಹುದಾ? (ಗೃಹಿಣಿ, ಮೈಸೂರು)

ಉತ್ತರ: ಬೇಡ. ಎರಡರಲ್ಲೂ ಇರುವುದು ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕ. ನಮಗೆ ಅಷ್ಟೇನೂ ಮಾಡುವುದಿಲ್ಲ, ಮೀನಿಗೆ ಬಹಳ ವಿಷ. ಹಿಂದೆ ನಾನಿದ್ದ ಒಂದು ಕಡೆ ರಜೆಯ ದಿನ ಕಾರಿಡಾರ್‌ಗೆ ಜಿರಲೆ ಔಷಧ ಹೊಡೆಸಿದ್ದರು, ಫಿಶ್ ರೂಮಿನವರಿಗೆ ಹೇಳಿರಲಿಲ್ಲ. ಸೋಮವಾರ ಬಂದಾಗ ಬಾಗಿಲ ಪಕ್ಕದ ರ‍್ಯಾಕಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು, ಕೆಲವು ಓರೆಯಾಗಿ ಸುತ್ತುತ್ತಿದ್ದವು. ನಿಮ್ಮ ಅಕ್ವೇರಿಯಂನ ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಅಕ್ವೇರಿಯಂ ಇರುವ ಕೋಣೆಗೆ ಕಿಟಕಿ ಜಾಲರಿ ಹಾಕಿಸಿ, ಮಲಗುವಾಗ ಪರದೆ ಕಟ್ಟಿಕೊಳ್ಳಿ.